ಬಂಗಲೆಯ ದೆವ್ವದ ಬಗ್ಗೆ ಅಪ್ಪನ ವಾದ

ಪೂಜ್ಯ ಅಕ್ಕನವರ ಪಾದಕ್ಕೆ ಕಪಿ ತಮ್ಮನು ಅಡ್ಡಬಿದ್ದು ಮಾಡುವ ವಿಜ್ಞಾಪನೆ,

ಆಸ್ಪತ್ರೆಯ ಮಂಚದ ಮೇಲೆ ಫೋನಿಟ್ಟುಕೊಂಡು ಅಪ್ಪನೂ ನಾನೂ ಅದೇ ಹಳೆಯ ಬಂಗಲೆ ದೆವ್ವದ ಸಿನಿಮಾ ನೋಡಿ ಘನಘೋರ ಚರ್ಚೆ ನಡೆಸಿದೆವು. ತಾನು ಸತ್ತು ದೆವ್ವವಾಗಿರುವುದು ಬಂಗಲೆಯ ಆ ಮುದುಕನಿಗೇ ಗೊತ್ತಿಲ್ಲ, ಅದೇ ಚಿತ್ರದ ಗೂಢಾರ್ಥ ಎಂದು ನಾನು ಪ್ರವಚನ ಕೊಟ್ಟೆ. ಅಪ್ಪ ನಕ್ಕುಬಿಟ್ಟರು.

"ಲೋ ಮಂಕೇ, ಅವನಿಗೆ ಮೊದಲಿಂದ್ಲೂ ಗೊತ್ತು ಕಣೋ. ಮುಚ್ಚಿಡೋಕೆ ಮಕ್ಕಳು ಅಷ್ಟು ಒದ್ದಾಡ್ತಿದಾವಲ್ಲ, ಪಾಪ ಅಂತ ಸುಮ್ನಿದಾನೆ."

ಡಾಕ್ಟರು ಹೇಳಿದ್ದನ್ನು ಅಪ್ಪನಿಂದ ಮುಚ್ಚಿಡೋಣವೆಂದು ನಾವಿಬ್ಬರೂ ಮಾಡಿಕೊಂಡ ಒಪ್ಪಂದ ಈ ಮೂಲಕ ರದ್ದಾಗಿದೆ. ರಜೆ ಸಿಗಲಿ ಎಂದು ಕಾಯಬೇಡ, ಈ ವಾರವೇ ಬಾ. ಬಾಗಿಲಲ್ಲಿ ನಗುಮುಖ ಹಾಕಿಕೊಂಡು ನಿಲ್ಲುವ ಕಷ್ಟ ಇನ್ನು ಬೇಡ.

ನಿನ್ನ ತಮ್ಮ