ಕೌದಿಯ ಬಣ್ಣ ಕೇಳಿದ ತಪ್ಪು

ಹೊಸಭೀಮೆ ನಿಲ್ದಾಣ, ಮರೆವಿನ ಕೋಣೆ
ಕ್ರಿ.ಶ. ೨೧೯೧, ಹದಿಮೂರನೆಯ ತಿಂಗಳ ನಾಲ್ಕು

ನಿಮ್ಮ ಕಾಲದ ಬಸ್ ನಿಲ್ದಾಣಗಳಲ್ಲಿ ಜನ ಬಿಟ್ಟುಹೋದ ಸಾಮಾನು ಕಾಯುವವರಿಗೆ,

ಹದಿಮೂರನೆಯ ತಿಂಗಳೆಂದರೆ ಹುಬ್ಬೇರಿಸಬೇಡಿ. ಬೇಸಿಗೆ ಹನ್ನೆರಡರಲ್ಲಿ ಹಿಡಿಸದೆ ಸರ್ಕಾರ ಇನ್ನೊಂದನ್ನು ಸೇರಿಸಿತು. ರಜೆ ಮಾತ್ರ ಹಳೆಯಷ್ಟೇ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ನಿವೃತ್ತರಾಗುವವರಿಗೆ ಇಲಾಖೆ ಒಂದು ಹಾಳೆ ಹಿಂದಂಚೆ ಕೊಡುತ್ತದೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಹೆಚ್ಚಿನವರು ಮುತ್ತಜ್ಜಂದಿರಿಗೆ ಬುದ್ಧಿ ಹೇಳಿ ಬರೆಯುತ್ತಾರೆ. ನನಗೆ ನಿಮ್ಮ ಹತ್ತಿರ ಕೆಲಸವಿದೆ.

ನಾನು ಮಹಾನಂದಾ ಹೂಗಾರ. ನೆರಳುಗಾಡಿಯ ಕಸ ಗುಡಿಸುವ ಕೆಲಸಕ್ಕೆ ಸೇರಿ, ಬಾಯಿಯ ಬಲದಿಂದ ಈ ಕುರ್ಚಿಗೆ ಬಂದವಳು. ನೆರಳುಗಾಡಿಯೆಂದರೆ ಚಾವಣಿ ಹೊದಿಸಿದ ಹಾದಿಯಲ್ಲಷ್ಟೇ ಓಡುವ ಬಸ್ಸು. ಬಿಸಿಲಿಗೆ ಬಿಟ್ಟರೆ ಅದರ ಗಾಲಿ ಮೆತ್ತಗಾಗುತ್ತದೆ. ಇಳಿದವರು ಮುಂದಿನ ನೆರಳಿಗೆ ಓಡುವ ಗಡಿಬಿಡಿಯಲ್ಲಿ ಏನನ್ನಾದರೂ ಬಿಡುತ್ತಾರೆ. ಮೂವತ್ತೊಂದು ವರ್ಷದಲ್ಲಿ ನನ್ನ ಪುಸ್ತಕಕ್ಕೆ ಹತ್ತಿದ್ದು ನಲವತ್ತು ಸಾವಿರದ ಆರುನೂರ ಹನ್ನೆರಡು: ತಂಪುಟೋಪಿ, ಹಲ್ಲಿನ ಸೆಟ್ಟು, ನೀರಿನ ಚೀಟಿ, ಒಮ್ಮೆ ಒಬ್ಬರ ಮಾವ. ಮಾವನನ್ನು ಕೇಳಿಕೊಂಡು ಮೂರು ದಿನ ಯಾರೂ ಬರಲಿಲ್ಲ.

ಇವತ್ತು ಬೆಳಿಗ್ಗೆ ಚಂದವ್ವ ತಳವಾರ ಬಂದರು. ಹಾಸಿಗೆ ಹಿಡಿದ ತಾಯಿಯ, ಬಟ್ಟೆತುಂಡು ಜೋಡಿಸಿ ಹೊಲಿದ ಕೌದಿ ಗಾಡಿಯಲ್ಲಿ ಉಳಿದಿತ್ತು. ಅದಿಲ್ಲದೆ ಮುದುಕಿ ಎರಡು ದಿನದಿಂದ ಕಣ್ಣು ಮುಚ್ಚಿಲ್ಲವಂತೆ. ನಾನು ಗುರುತು ಬರೆಸುವ ನಮೂನೆ ತೆಗೆದು ಬಣ್ಣ ಕೇಳಿದೆ. "ಬಣ್ಣ ಹ್ಯಾಂಗ್ ನೆನಪಿರ್ತದ್ರಿ ಅಕ್ಕಾರ? ಹೊದ್ಕೊಂಡಾಗ ಕಣ್ಣು ಮುಚ್ಚಿರ್ತೀವಲ್ರಿ" ಎಂದರು. ತುಂಡು ಎಷ್ಟು? ಗೊತ್ತಿಲ್ಲ. "ಮೂಲ್ಯಾಗ ರೊಟ್ಟಿ ಚೂರು ಇಟ್ಟು ಹೊಲ್ದಾರ್ರಿ, ಕೌದಿ ಹಸ್ದಿರಬಾರ್ದು ಅಂತ. ಕೈ ಆಡ್ಸಿ ನೋಡ್ರಲ್ಲ." ನಮೂನೆಯಲ್ಲಿ ರೊಟ್ಟಿಗೆ ಜಾಗವಿಲ್ಲ. ನೆನಪು ಮಾಡಿಕೊಂಡು ನಾಳೆ ಬನ್ನಿ ಎಂದೆ.

ಮಧ್ಯಾಹ್ನ ಒಬ್ಬ ಬಂದ. ಇಸ್ತ್ರಿ ಹಾಕಿದಂಥ ಮಾತು. ನೀಲಿ ಅಂಚು, ಅರವತ್ತೆರಡು ತುಂಡು, ನಡುವೆ ಕೆಂಪು ಚೌಕಡಿ. ಒಂದೂ ತಪ್ಪಲಿಲ್ಲ. ನಾನೇ ಮಡಚಿ ಕೊಟ್ಟೆ. ಕೌದಿ ಉಳಿದ ದಿನ ಅವನು ಚಂದವ್ವನ ಎದುರು ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಬೆರಳು ಮಡಚುತ್ತಿದ್ದನೆಂದು ಚಾಲಕ ಸಂಜೆ ಹೇಳಿದ. ನಮ್ಮ ಕಾಲದಲ್ಲಿ ಹತ್ತಿಬಟ್ಟೆ ಕಣ್ಣಿಗೇ ಬೀಳುವುದಿಲ್ಲ, ಬಿದ್ದರೆ ಯಾರೂ ಬಿಡುವುದಿಲ್ಲ.

ತನ್ನ ಹೊದಿಕೆಯ ತುಂಡುಗಳನ್ನು ಯಾರೂ ಎಣಿಸಿಟ್ಟುಕೊಂಡಿರುವುದಿಲ್ಲ. ಪರರದ್ದರ ಮೇಲೆ ಕಣ್ಣಿಟ್ಟವನು ಎಣಿಸುತ್ತಾನೆ. ಇದು ತಿಳಿಯಲು ನನಗೆ ಕೆಲಸದ ಕೊನೆಯ ದಿನದ ಮುನ್ನಾದಿನದವರೆಗೆ ಬೇಕಾಯಿತು.

ಈ ನಮೂನೆ ನಿಮ್ಮ ಕಾಲದ್ದು. ಅಡಿಯಲ್ಲಿ ನಿಮ್ಮ ವರ್ಷವೇ ಅಚ್ಚಾಗಿದೆ. ಆಮೇಲೆ ಯಾರೂ ತಿದ್ದಲಿಲ್ಲ, ನಾನೂ ಕೂಡ. ದಯವಿಟ್ಟು ಅಚ್ಚಿಗೆ ಕೊಡುವ ಮೊದಲು ಕೆಳಗೊಂದು ಸಾಲು ಸೇರಿಸಿ: ಈ ವಸ್ತುವಿನ ಬಗ್ಗೆ ನಿಮಗೆ ಮಾತ್ರ ಗೊತ್ತಿರುವುದೇನು? ಅಷ್ಟಿದ್ದರೆ ನಾನು ಮೂಲೆ ಮುಟ್ಟಿ ನೋಡುತ್ತಿದ್ದೆ.

ಹಿಂದಂಚೆ ತಲುಪಿದ್ದಕ್ಕೆ ಒಂದೂ ದಾಖಲೆಯಿಲ್ಲ. ಆದರೂ ನಾಳೆ ಬಂದವಳೇ ಮೊದಲು ನಮೂನೆ ತೆಗೆದು ಆ ಸಾಲು ಬಂದಿದೆಯೇ ನೋಡುತ್ತೇನೆ. ಚಂದವ್ವ ಹತ್ತು ಗಂಟೆಗೆ ಬರುತ್ತಾರೆ. ಅವರಿಗೆ ಇನ್ನೂ ಹೇಳಿಲ್ಲ.

ನಿಮ್ಮ ಕುರ್ಚಿಯವಳೇ,
ಮಹಾನಂದಾ