ಪಿಲ್ಲೋ ಸರಿ, ಗಿಲ್ಲೋ ಅಂದರೇನು?

ಜೂನ್ 3, ಬೆಳಿಗ್ಗೆ 5.50

ಇವತ್ತೂ ಎದ್ದೆ. ಎರಡನೇ ದಿನ. ಬಾಯಿಂದ ಇಂಗ್ಲಿಷ್ ಹೊರಡುವ ಮೊದಲು ಆಕಳಿಕೆ ಹೊರಡುತ್ತದೆ. ಮಗಳು ಬರೆದುಕೊಟ್ಟ ಟೈಂಟೇಬಲ್ ಫ್ರಿಜ್ ಮೇಲಿದೆ. 5.15ಕ್ಕೆ ಹತ್ತು ಹೊಸ ಪದ. 5.30ಕ್ಕೆ ಗಟ್ಟಿಯಾಗಿ ಓದು. 5.45ಕ್ಕೆ ಮಾತು. ಮೊದಲೆರಡು ಹೇಗೋ ಆಯಿತು. ಮಾತು ಯಾರ ಜೊತೆ? "ನಾನೇ ಹೋಟೆಲ್ ಗೆಸ್ಟ್ ಆಗ್ತೀನಮ್ಮ, ಎಬ್ಬಿಸು" ಎಂದವಳು, ಎಬ್ಬಿಸಿದರೆ ಹೊದಿಕೆಯನ್ನು ತಲೆ ಮೇಲೆ ಎಳೆದುಕೊಂಡಳು. ಬರೆದವರಿಗೆ ಟೈಂಟೇಬಲ್ ಅನ್ವಯಿಸುವುದಿಲ್ಲವಂತೆ.

ಕೊನೆಗೆ ಕುಕ್ಕರಿಗೆ "ಗುಡ್ ಮಾರ್ನಿಂಗ್ ಸರ್" ಎಂದೆ. ಅದು ಸಿಳ್ಳೆ ಹೊಡೆಯಿತು.

ಜೂನ್ 4

ಈ ವಯಸ್ಸಿನಲ್ಲಿ ಈ ಹಟ ಯಾಕೆಂದು ಬರೆದಿಡಬೇಕು. ಬೇಸರ ಬಂದ ದಿನ ಓದಿಕೊಳ್ಳಲು.

ಹೋಟೆಲಿನ ಲಿನನ್ ರೂಮಿನಲ್ಲಿ ಹನ್ನೊಂದು ವರ್ಷ. ಬೆಡ್‌ಶೀಟ್ ಎಣಿಸು, ಮಡಿಸು, ಕಲೆ ಹುಡುಕು. ಜುಲೈ ಕೊನೆಗೆ ಸೂಪರ್‌ವೈಸರ್ ಅಕ್ಕ ರಿಟೈರ್ ಆಗುತ್ತಾರೆ. "ನಿನ್ನಷ್ಟು ಕೆಲ್ಸ ಗೊತ್ತಿರೋರು ಇಲ್ಲಿ ಯಾರಿದ್ದಾರೆ? ಅರ್ಜಿ ಹಾಕೆ" ಎಂದರು. ಹಾಕಿದೆ. ಜುಲೈ 24ಕ್ಕೆ ಇಂಟರ್‌ವ್ಯೂ. ಹೊಸ ಮ್ಯಾನೇಜರಿಗೆ ನಮ್ಮ ಭಾಷೆ ಬಾರದು, ಎಲ್ಲ ಇಂಗ್ಲಿಷಿನಲ್ಲೇ.

ನಾಲ್ಕು ವರ್ಷದ ಹಿಂದೆಯೂ ಕರೆದಿದ್ದರು. 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್' ಎಂದರು. ನನ್ನ ಬಗ್ಗೆ ನನಗೇ ಏನೂ ಗೊತ್ತಿಲ್ಲದವಳ ಹಾಗೆ ಕೂತೆ. ಹೊರಗೆ ಬಂದು ಟವೆಲ್ ರಾಶಿಯಲ್ಲಿ ಮುಖ ಹುದುಗಿಸಿ ಅತ್ತೆ. ನಲವತ್ತೈದು ದಾಟಿದರೆ ಅರ್ಜಿಯೇ ತೆಗೆದುಕೊಳ್ಳುವುದಿಲ್ಲ. ನನಗೆ ನಲವತ್ತನಾಲ್ಕೂವರೆ. ಇದೇ ಕೊನೆ.

ಜೂನ್ 7

ಇವರು ಅಡುಗೆಮನೆಗೆ ಬಂದರು. ನೀರು ಕುಡಿದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ.

ಹೊಲಿಗೆ ಮಿಷನ್ ರಿಪೇರಿ ಮಾಡುವ ಮನುಷ್ಯ. ಮಾತೇನಿದ್ದರೂ ಅಂಗಡಿಯಲ್ಲಿ, ಮಿಷನ್ನುಗಳ ಜೊತೆ. ಮನೆಯಲ್ಲಿ "ಹೂಂ", "ಉಹೂಂ", "ನೋಡೋಣ". ಇಪ್ಪತ್ತೆರಡು ವರ್ಷದ ಸಂಸಾರ ಈ ಮೂರು ಪದದಲ್ಲೇ ನಡೆದಿದೆ. ಅಂಥವರು ಟವೆಲ್ ಹೆಗಲಿಗೆ ಹಾಕಿಕೊಂಡು, ಬಾಗಿಲ ಚೌಕಟ್ಟನ್ನು ಎರಡು ಸಲ ತಟ್ಟಿ, ನೆಲ ನೋಡುತ್ತಾ...

"ಮೀ... ಗೆಸ್ಟ್."

ನಗು ತಡೆಯಲು ಕಾಫಿಪುಡಿ ಡಬ್ಬಿಯ ಮುಚ್ಚಳ ತೆಗೆದೆ, ಹಾಕಿದೆ, ಮತ್ತೆ ತೆಗೆದೆ.

"ಯೆಸ್ ಸರ್, ಹೌ ಕ್ಯಾನ್ ಐ ಹೆಲ್ಪ್ ಯೂ?"

ಬಹಳ ಯೋಚಿಸಿದರು. "ಕಾಫಿ."

ಮೊದಲ ಪಾಠ ಅಲ್ಲಿಗೆ ಮುಗಿಯಿತು.

ಜೂನ್ 12

ದಿನಾ ಬರುತ್ತಿದ್ದಾರೆ! ಇವರ ಇಂಗ್ಲಿಷೆಲ್ಲ ರಿಪೇರಿ ಇಂಗ್ಲಿಷ್ — ಲೂಸ್, ಟೈಟ್, ಆಯಿಲ್, ಟೆನ್ಷನ್. ದಾರದ ಬಿಗಿತಕ್ಕೆ ಟೆನ್ಷನ್ ಅನ್ನುತ್ತಾರಲ್ಲ, ಅದು. ಅಷ್ಟರಲ್ಲೇ ಇಡೀ ಲೋಕವನ್ನು ನಿಭಾಯಿಸುತ್ತಾರೆ.

"ಮೇಡಂ, ಬೆಡ್‌ಶೀಟ್ ಟೆನ್ಷನ್ ಲೂಸ್."

"ಐ ಯಾಮ್ ಸಾರಿ ಸರ್, ಐ ವಿಲ್ ಚೇಂಜ್ ಇಟ್ ಇಮ್ಮೀಡಿಯೆಟ್ಲಿ."

"ಫ್ಯಾನ್ ಆಯಿಲ್ ವಾಂಟ್."

ಮಗಳು ಒಳಗಿಂದಲೇ ಕೂಗಿದಳು, "ಅಪ್ಪಾ, ಫ್ಯಾನ್ ನೀಡ್ಸ್ ಆಯಿಲ್!" ಇವರು ಗಂಭೀರವಾಗಿ, "ಸೇಮ್ ಫ್ಯಾನ್" ಎಂದರು.

ಜೂನ್ 19

ಇವತ್ತು ಒಂದು ವಿಷಯ ಹೊಳೆಯಿತು. ನಾನು ಇವರಿಗೆ ನೀವು, ಇವರು ನನಗೆ ನೀನು. ಮದುವೆಯಾದ ದಿನದಿಂದ ಹಾಗೇ. ಇಂಗ್ಲಿಷಿನಲ್ಲಿ ಇಬ್ಬರೂ ಯೂ. "ಯೂ ಸಿಟ್" ಎಂದೆ, ಕೂತರು. ಆಮೇಲೆ ಗಾಬರಿಯಾಯಿತು, ಗಂಡನಿಗೆ ಕೂತ್ಕೋ ಅಂದೆನೋ ಕೂತ್ಕೊಳ್ಳಿ ಅಂದೆನೋ! ಅವರಿಗೇನೂ ಅನಿಸಿದ ಹಾಗಿರಲಿಲ್ಲ. ಲೋಟ ನನ್ನ ಕಡೆ ತಳ್ಳಿ, "ಯೂ ಡ್ರಿಂಕ್ ಫಸ್ಟ್. ಯೂ ಟಯರ್ಡ್" ಎಂದರು.

ಟಯರ್ಡ್ ಎಂಬ ಪದ ಯಾವಾಗ ಕಲಿತರೋ. ನನ್ನ ಪುಸ್ತಕ ಕದ್ದು ನೋಡುತ್ತಿರಬೇಕು. 'ಸುಸ್ತಾಗಿದೆಯಾ' ಎಂದು ಒಂದು ದಿನ ಬಾಯಿಬಿಟ್ಟು ಕೇಳಿದವರಲ್ಲ. ಕಣ್ಣು ತುಂಬಿತು. ಕಾಫಿ ಬಿಸಿ ಎಂದು ಸುಳ್ಳು ಹೇಳಿದೆ.

ಜೂನ್ 30, ಸಂಜೆ

ಮಾನ ಹೋಯಿತು.

ಎರಡನೇ ಮಹಡಿ. ಕಾರಿಡಾರಿನಲ್ಲಿ ಹೊರದೇಶದ ಗೆಸ್ಟ್. ಒಳ್ಳೆ ಮುಖ. ನಾಲಿಗೆ ತಾನಾಗೇ ಓಡಿತು — "ಗುಡ್ ಮಾರ್ನಿಂಗ್ ಸರ್. ಎನಿ ಲಾಂಡ್ರಿ-ಗೀಂಡ್ರಿ?"

ಪಾಪ, ಆತ ರೂಮಿಗೆ ಹೋಗಿ ಹುಡುಕಿ ಬಂದ. ಲಾಂಡ್ರಿ ಇದೆಯಂತೆ, ಗೀಂಡ್ರಿ ತಂದಿಲ್ಲವಂತೆ. ಲಿಫ್ಟಿನವನು ಗೋಡೆಗೆ ಮುಖ ಮಾಡಿ ನಕ್ಕ. ಮಧ್ಯಾಹ್ನದ ಹೊತ್ತಿಗೆ ಕಿಚನ್ನಿನವರೆಗೂ ನನ್ನ ಹೆಸರು ಗೀಂಡ್ರಿ ಮೇಡಂ.

ಎಲ್ಲಿಂದ ಬಂತು ಇದು? ಇವರಿಂದಲೇ! ದಿನಾ ಬೆಳಿಗ್ಗೆ "ಕಾಫಿ-ಗೀಫಿ ಪ್ಲೀಸ್", "ಸೋಪ್-ಗೀಪ್ ನೋ". ಮನೆಗೆ ಬಂದವಳೇ ಕೂಗಾಡಿದೆ. "ನಿಮ್ಮ ಗೀಗೀ ಇಂಗ್ಲಿಷ್ ಕೇಳಿ ಕೇಳಿ ನನ್ನ ನಾಲಿಗೆನೇ ಕೆಟ್ಟೋಯ್ತು. ನಾಳೆಯಿಂದ ನೀವು ಬರೋದೇ ಬೇಡ!"

"ಹೂಂ" ಎಂದರು. ಟವೆಲ್ ಹಗ್ಗದ ಮೇಲೆ ಹಾಕಿ ಹೋದರು.

ಜುಲೈ 8

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಏಳು ದಿನ ಉಂಡೆವು, ಏಳು ದಿನ ಮಲಗಿದೆವು. ಜಗಳ ಎಲ್ಲಿತ್ತೋ ಅಲ್ಲೇ. ಬೆಳಿಗ್ಗೆ ಫೋನಿನ ಆ್ಯಪ್ ಜೊತೆ ಮಾತಾಡಿದೆ. ಏನು ಹೇಳಿದರೂ 'ಎಕ್ಸಲೆಂಟ್' ಅನ್ನುತ್ತದೆ. ತಪ್ಪು ಹೇಳಿದರೂ. ಸುಡಲಿ.

ನಿಜ ಹೇಳಬೇಕೆಂದರೆ, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯಿತು ನನ್ನದು. ಹುಟ್ಟಿದಾಗಿನಿಂದ ನಾನೇ ಊಟ-ಗೀಟ, ಬಟ್ಟೆ-ಗಿಟ್ಟೆ ಅಂದುಕೊಂಡು ಬೆಳೆದವಳು. ಅವರೇನು ಮಾಡಿದರು?

ಇವತ್ತು 5.45ಕ್ಕೆ ಹೋಗಿ ಮಲಗುವ ಕೋಣೆಯ ಬಾಗಿಲು ತಟ್ಟಿದೆ. "ಹೌಸ್‌ಕೀಪಿಂಗ್!"

ಹೊದಿಕೆಯೊಳಗಿಂದ ದನಿ ಬಂತು. "ಡೋಂಟ್ ಡಿಸ್ಟರ್ಬ್."

"ಐ ಯಾಮ್ ಸಾರಿ, ಸರ್. ಇಟ್ ಈಸ್ ಮೈ ಮಿಸ್ಟೇಕ್."

ನಾನು ನಿಂತೇ ಇದ್ದೆ. ಇಪ್ಪತ್ತೆರಡು ವರ್ಷದಲ್ಲಿ ತಪ್ಪಾಯಿತು ಎಂದದ್ದಿಲ್ಲ, ನಾನೂ, ಅವರೂ. ಇಂಗ್ಲಿಷಿನಲ್ಲಿ ಎಷ್ಟು ಸಲೀಸಾಗಿ ಬಂತು! ಪುಸ್ತಕದ ಸಾರಿ ಅಲ್ಲ, ನನ್ನದೇ.

ಹೊದಿಕೆ ಸರಿಯಿತು. "ಕಾಫಿ" ಎಂದರು. ಎದ್ದು ಕೂತು, "ಗೀಫಿ ನೋ."

ಜುಲೈ 16

ಹೊಸ ನಿಯಮ. ಯಾರು ಗೀ ಅಂದರೂ ಅವರು ಅವತ್ತಿನ ಪಾತ್ರೆ ತೊಳೆಯಬೇಕು. ನಾನು ನಾಲ್ಕು ದಿನ, ಇವರು ಎರಡು ದಿನ. ಮಗಳೂ ಈಗ ಎದ್ದು ಬರುತ್ತಾಳೆ, ಸಿಕ್ಕಿಬೀಳುವವರನ್ನು ನೋಡಲು.

ಜುಲೈ 23

ನಾಳೆ. ಒಂದು ಪದವೂ ನೆನಪಾಗುತ್ತಿಲ್ಲ. ಇವರು ಮಿಷನ್ನಿನ ದಾರ ಸಡಿಲಿಸುವ ಹಾಗೆ ಬೆರಳು ತಿರುಗಿಸಿ ತೋರಿಸಿದರು. "ಮೇಡಂ, ಟೆನ್ಷನ್ ಟೂ ಟೈಟ್. ಲೂಸ್, ಲೂಸ್. ಅದರ್‌ವೈಸ್ ಥ್ರೆಡ್ ಕಟ್."

ಜುಲೈ 24, ರಾತ್ರಿ 10

ಮಲಗುವ ಮೊದಲು ಬರೆದುಬಿಡುತ್ತೇನೆ.

ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್ — ಹೇಳಿದೆ. ನಿಲ್ಲದೆ ಹೇಳಿದೆ! ಹನ್ನೊಂದು ವರ್ಷ, ಕಲೆ ತೆಗೆಯುವ ವಿಧಾನ, ಎಲ್ಲ. ಮ್ಯಾನೇಜರ್ ತಲೆಯಾಡಿಸುತ್ತಿದ್ದರು. ಗೆಸ್ಟ್ ಬರುವ ಮುಂಚೆ ರೂಮಿನಲ್ಲಿ ಏನೇನು ನೋಡುತ್ತೀರಿ ಎಂದರು. ಇನ್ನೇನು ಗೆದ್ದೆ ಎಂಬ ಧೈರ್ಯ. ಆ ಧೈರ್ಯವೇ ಕೆಡಿಸಿತು.

"ಬೆಡ್‌ಶೀಟ್ ಸರ್, ಟವೆಲ್, ಸೋಪ್, ಪಿಲ್ಲೋ-ಗಿಲ್ಲೋ..."

ಬಂದೇಬಿಟ್ಟಿತು.

ಮ್ಯಾನೇಜರ್ ಪೆನ್ನು ಕೆಳಗಿಟ್ಟರು. "ಪಿಲ್ಲೋ ಐ ನೋ. ವಾಟ್ ಈಸ್ ಗಿಲ್ಲೋ?"

ನಾಲ್ಕು ವರ್ಷದ ಹಿಂದಿನ ಕುರ್ಚಿಯೇ ಅದು. ಇವರ ಬೆರಳು ನೆನಪಾಯಿತು. ಲೂಸ್, ಲೂಸ್. ಉಸಿರು ಬಿಟ್ಟೆ.

"ಸರ್, ಪಿಲ್ಲೋ ಈಸ್ ಇನ್ ದ ಲಿಸ್ಟ್. ಗಿಲ್ಲೋ ಈಸ್ ನಾಟ್ ಇನ್ ದ ಲಿಸ್ಟ್."

ಆಮೇಲೆ ಇಂಗ್ಲಿಷಿನಲ್ಲೇ ಹೇಳುತ್ತಾ ಹೋದೆ. ಗೆಸ್ಟ್ ಕೆಮ್ಮುತ್ತಿದ್ದರೆ ಕೇಳುವ ಮೊದಲೇ ಇಡುವ ಬಿಸಿನೀರು. ಸಣ್ಣ ಮಗು ಇದ್ದರೆ ಹಾಸಿಗೆಯ ಅಂಚಿಗೆ ಒಂದು ಕುರ್ಚಿ. ವಯಸ್ಸಾದವರು ಕಿಟಕಿಯಲ್ಲಿ ಮರೆತ ಕನ್ನಡಕವನ್ನು ಕೈಗೆಟಕುವ ಹಾಗೆ ದಿಂಬಿನ ಪಕ್ಕ ಇಡುವುದು. ಯಾರೂ ಕೇಳಿರುವುದಿಲ್ಲ, ಯಾರೂ ಬರೆದಿರುವುದಿಲ್ಲ. ನಮ್ಮ ಭಾಷೆಯಲ್ಲಿ ಅದಕ್ಕೆಲ್ಲ ಸೇರಿ ಒಂದು ಗೀ ಇದೆ.

"ಎನಿಬಡಿ ಕ್ಯಾನ್ ಚೆಕ್ ಪಿಲ್ಲೋ, ಸರ್. ಸೂಪರ್‌ವೈಸರ್ ಶುಡ್ ಚೆಕ್ ಗಿಲ್ಲೋ."

ಮ್ಯಾನೇಜರ್ ನಗಲಿಲ್ಲ. ಏನೋ ಬರೆದುಕೊಂಡರು. ಸ್ಪೆಲ್ಲಿಂಗ್ ಕೇಳಿದರು. ಅದೂ ಗೊತ್ತಿರಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ.

ಮನೆಯಲ್ಲಿ ಮಗಳು ಬಿದ್ದು ಬಿದ್ದು ನಕ್ಕಳು. ಇವರು ನಗಲಿಲ್ಲ. ಗಿಲ್ಲೋ ಅಂದರೆ ಏನೆಂದು ಹೇಳಿದೆ, ಇನ್ನೊಂದು ಸಲ ಹೇಳು ಎಂದರು. ಹೇಳಿದೆ. ಪಾತ್ರೆ ತಾವೇ ತೊಳೆದರು.

ಜುಲೈ 30

ಸಿಕ್ಕಿತು!! ಸೂಪರ್‌ವೈಸರ್. ಆಗಸ್ಟ್ ಒಂದರಿಂದ. ಅಕ್ಕ ತಮ್ಮ ಬೀಗದ ಕೈ ಗೊಂಚಲನ್ನು ನನ್ನ ಸೊಂಟಕ್ಕೆ ಸಿಕ್ಕಿಸಿದರು. "ಭಾರ ಐತೆ, ಅಭ್ಯಾಸ ಆಗುತ್ತೆ."

ಆರಕ್ಕೆ ಹಾಜರಿ. ಅಂದರೆ ಐದೂಕಾಲಿನ ಬಸ್ಸು. ಸರಿಯಾಗಿ ಐದೂಕಾಲು. ಟೈಂಟೇಬಲ್ಲಿನ ಮೊದಲ ಸಾಲು.

ಫ್ರಿಜ್ ಮುಂದೆ ಬಹಳ ಹೊತ್ತು ನಿಂತೆ. ಈ ಕೆಲಸಕ್ಕೆಂದೇ ಕಟ್ಟಿಕೊಂಡ ಹೊತ್ತನ್ನು ಈ ಕೆಲಸವೇ ತಿಂದಿತು. ಸಂಜೆ ಅವರು ಅಂಗಡಿಯಿಂದ ಬರುವಷ್ಟರಲ್ಲಿ ನನಗೆ ಕಣ್ಣು ಎಳೆಯುತ್ತದೆ. ಮತ್ತೆ ಹೂಂ, ಉಹೂಂ, ನೋಡೋಣ. ಖುಷಿಪಡಬೇಕಾದ ದಿನ ಇದು, ಪಡುತ್ತಲೂ ಇದ್ದೇನೆ. ಆದರೂ ಆ ಕಾಲು ಗಂಟೆ ಹೋಯಿತಲ್ಲ. ಇವರಿಗೆ ಬಸ್ಸಿನ ಸಮಯ ಮಾತ್ರ ಹೇಳಿದೆ, ಉಳಿದದ್ದು ಹೇಳಲಿಲ್ಲ. ಇಂಗ್ಲಿಷಿನಲ್ಲೂ ಬರಲಿಲ್ಲ.

"ನೋಡೋಣ" ಎಂದರು.

ಆಗಸ್ಟ್ 1, ಬೆಳಿಗ್ಗೆ 4.10

ಸೀರೆ ಉಟ್ಟಾಯಿತು. ಹಾಲು ಒಲೆಯ ಮೇಲಿದೆ. ಒಂದು ಗಂಟೆ ಇದೆ ಎಂದು ಬರೆಯಲು ಕೂತೆ. ಫ್ರಿಜ್ ಕಡೆ ಈಗ ನೋಡಿದೆ. 5.15 ಹೊಡೆದುಹಾಕಿ ಯಾರೋ 4.15 ಎಂದು ತಿದ್ದಿದ್ದಾರೆ. ಮಿಷನ್ ಎಣ್ಣೆಯ ಬೆರಳ ಗುರುತು.

ಚೌಕಟ್ಟು ತಟ್ಟಿದ ಸದ್ದು. ಎರಡು ಸಲ. ನಿಂತಿದ್ದಾರೆ, ಹೆಗಲ ಮೇಲೆ ಟವೆಲ್, ಕಣ್ಣು ಅರ್ಧ ಮುಚ್ಚಿದೆ. ಆಕಾಶ ಬಿದ್ದರೂ ಐದೂವರೆಗಿಂತ ಮೊದಲು ಏಳದ ಮನುಷ್ಯ.

"ಗುಡ್ ಮಾರ್ನಿಂಗ್, ಸೂಪರ್‌ವೈಸರ್ ಮೇಡಂ. ಒನ್ ಕಂಪ್ಲೇಂಟ್."

"ಯೆಸ್ ಸರ್?"

"ರೂಮಲ್ಲಿ ಪಿಲ್ಲೋ ಓಕೆ." ನೆಲ ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಗಿಲ್ಲೋ ಗೋಯಿಂಗ್ ಡ್ಯೂಟಿ."

ಹಾಲು ಉಕ್ಕುತ್ತಿದೆ, ನಾನು ಏಳಬೇಕು, ಏಳಲು ಆಗುತ್ತಿಲ್ಲ.