ಬೆಟ್ಟದ ದನಿಗೆ ಉತ್ತರ ಕೊಟ್ಟವಳು

ಮನೆಯಿಂದ,
ಭಾನುವಾರ ಬೆಳಿಗ್ಗೆ

ನನ್ನ ಗುಬ್ಬಿ,

ಕಾಲು ಹೇಗಿದೆ? ಆ ಆರೈಕೆ ಕೇಂದ್ರದಲ್ಲಿ ವ್ಯಾಯಾಮ ಮಾಡಿಸುವಾಕೆ ಬಂದಾಗ ನೆಪ ಹೇಳಿ ಮಲಗಬೇಡ. ನೋವಾದರೆ ನನ್ನನ್ನು ಬೈದುಕೋ, ಆದರೆ ಮಡಿಸು ಎಂದಷ್ಟು ಮಡಿಸು.

ಹೋದ ವಾರ ಫೋನಿನಲ್ಲಿ ನೀನು ಮತ್ತೆ ಅದೇ ಮಾತು ತೆಗೆದೆ. ಜೀಪು ಉರುಳಿದ ದಿನ ರೇಡಿಯೋದಲ್ಲಿ ನಿನ್ನ ಜೊತೆ ಮಾತಾಡಿದ ಹೆಂಗಸು ಯಾರೆಂದು ರೇಡಿಯೋ ಕ್ಲಬ್ಬಿನವರು ಬಾಯಿ ಬಿಡುತ್ತಿಲ್ಲ, ನಡೆಯಲು ಬಂದ ಕೂಡಲೇ ಹುಡುಕಿಕೊಂಡು ಹೋಗಿ ಕೈ ಮುಗಿಯಬೇಕು ಎಂದೆ. "ಎಂಥಾ ಗಟ್ಟಿಗಿತ್ತಿ ಗೊತ್ತಾ ಅಮ್ಮ, ಒಂಚೂರೂ ನಡುಗಲಿಲ್ಲ" ಎಂದೆ. ನಾನು ಹೂಂಗುಟ್ಟಿ ಒಲೆಯ ಮೇಲೆ ಹಾಲಿದೆ ಎಂದು ಫೋನಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ.

ಆ ಹೆಂಗಸು ಯಾರೆಂದು ನನಗೆ ಗೊತ್ತು. ಹೇಳುತ್ತೇನೆ. ಆದರೆ ಮೊದಲಿನಿಂದ ಹೇಳದಿದ್ದರೆ ನೀನು ನಂಬುವುದಿಲ್ಲ.

ನೀನು ಬೆಟ್ಟದ ಮೇಲಿನ ಮಳೆಮಾಪಕಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗಿನಿಂದ ನನಗೊಬ್ಬಳು ವೈರಿ ಹುಟ್ಟಿಕೊಂಡಿದ್ದಳು. ಫೋನು ಮಾಡಿದರೆ ಸಾಕು, ನೀವು ಕರೆ ಮಾಡಿದವರು ವ್ಯಾಪ್ತಿಯ ಹೊರಗಿದ್ದಾರೆ ಎಂದು ಅದೆಷ್ಟು ನಯವಾಗಿ ಹೇಳುತ್ತಿದ್ದಳು! ಆ ದನಿ ಕೇಳಿದರೆ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟಿಗೆ ಮೇಣ ಹಚ್ಚುತ್ತಿದ್ದ ಕೈ ಹಾಗೇ ನಿಂತುಬಿಡುತ್ತಿತ್ತು. ಯಾರದೋ ಬಾಯಿಗೆ ಹೋಗಬೇಕಾದ ಕೋರೆಹಲ್ಲನ್ನು ಬೆರಳಲ್ಲಿ ಹಿಡಿದು, ಬಂಡೆ, ಪ್ರಪಾತ, ಹಾವು, ಸಿಡಿಲು ಎಂದು ಒಂದೊಂದೇ ನೆನೆಸಿಕೊಳ್ಳುತ್ತಾ ಕೂತಿರುತ್ತಿದ್ದೆ.

ಫೋನು ಸಿಗದ ಕಡೆಯಿಂದಲೂ ಮಾತಾಡಬಹುದಾದ ಹ್ಯಾಮ್ ರೇಡಿಯೋ ನಿನ್ನ ಹತ್ತಿರ ಇತ್ತು, ಲೈಸೆನ್ಸೂ ಇತ್ತು. ನಾನೂ ಕಲಿಯಲಾ ಎಂದು ಕೇಳಿದಾಗ ನೀನು ನಕ್ಕೆ. "ಅಮ್ಮಾ, ಬಲ್ಬ್ ಬದಲಾಯಿಸೋಕೂ ನಾನು ಬರೋವರೆಗೆ ಕತ್ತಲಲ್ಲಿ ಕೂತಿರ್ತೀಯ, ನೀನೆಲ್ಲಿ ರೇಡಿಯೋ ಎಲ್ಲಿ!" ನಿಜವೇ. ಕರೆಂಟೆಂದರೆ ನನಗೆ ಮೊದಲಿನಿಂದಲೂ ಜೀವ ಹೋಗುತ್ತದೆ. ಆದರೂ ನಿನಗೆ ಹೇಳದೆ ಕ್ಲಬ್ಬಿನ ಮೆಟ್ಟಿಲು ಹತ್ತಿದೆ.

ಸೈಕಲ್ ಅಂಗಡಿಯ ಮೇಲಿನ ಆ ಕೋಣೆ ನಿನಗೆ ಗೊತ್ತಿರುವುದೇ. ಹಡಗಿನಲ್ಲಿ ರೇಡಿಯೋ ಅಧಿಕಾರಿಯಾಗಿದ್ದ ಹಿರಿಯರು, ನೀವೆಲ್ಲ ಹಲೋ ತಾತ ಎನ್ನುವವರು, ಒಬ್ಬರೇ ಕೂತಿದ್ದರು. ನನಗೆ ತುಂಬಾ ಹೆದರಿಕೆ ಎಂದು ಮೊದಲೇ ಹೇಳಿಬಿಟ್ಟೆ. ಅವರ ಕಿವಿ ಮಂದವಾಗಿದೆಯಲ್ಲ, ಎರಡು ಸಲ ಕೂಗಿ ಹೇಳಬೇಕಾಯಿತು. ಕೆಳಗೆ ಅಂಗಡಿಯವನಿಗೂ ಕೇಳಿಸಿರಬೇಕು. ತಾತ ಹೇಳಿದರು: "ಹೆದರೋರೇ ನನಗೆ ಬೇಕು ತಾಯಿ. ಹೆದರದೇ ಇರೋರು ಗುಡುಗೋವಾಗ ಆಂಟೆನಾ ಮುಟ್ಟೋಕೆ ಹೋಗ್ತಾರೆ."

ಅಲ್ಲಿಂದ ಶುರುವಾಯಿತು ನನ್ನ ಓದು. ವಿದ್ಯುತ್ತಿನ ಒತ್ತಡ, ಪ್ರವಾಹ, ತಡೆ ಎಂದರೆ ತಲೆಗೆ ಹತ್ತುತ್ತಿರಲಿಲ್ಲ. ತಾತ ಮಹಡಿಯ ನೀರಿನ ತೊಟ್ಟಿ, ಕೊಳವೆ, ನಲ್ಲಿ ತೋರಿಸಿ ಹೇಳಿದ ಮೇಲೆ ಹತ್ತಿತು. ಅಲೆ ಉದ್ದವಾದಷ್ಟೂ ಆಂಟೆನಾ ಏಕೆ ಉದ್ದ ಬೇಕು, ಗುಂಡಿ ಒತ್ತುವ ಮೊದಲು ಏಕೆ ಕಿವಿಗೊಟ್ಟು ಕೇಳಬೇಕು, ಯಾವ ತರಂಗಪಟ್ಟಿಯಲ್ಲಿ ಮಾತಾಡಬಹುದು, ಏನು ಮಾತಾಡಬಾರದು, ಎಲ್ಲವನ್ನೂ ಮನೆಯಲ್ಲಿ ಜೋರಾಗಿ ಓದಿಕೊಳ್ಳುತ್ತಿದ್ದೆ. ಇಂಗ್ಲಿಷ್ ಅಕ್ಷರಗಳನ್ನು ತಪ್ಪಿಲ್ಲದೆ ಹೇಳಲು ಎ ಗೆ ಆಲ್ಫಾ, ಬಿ ಗೆ ಬ್ರಾವೋ, ಸಿ ಗೆ ಚಾರ್ಲಿ ಎಂದು ಕಲಿತದ್ದು ಮಾತ್ರ ಲ್ಯಾಬಿನಲ್ಲಿ. ಕಪಾಟಿನ ತುಂಬ ಪ್ಲಾಸ್ಟರ್ ದವಡೆಗಳು ಬಾಯಿ ತೆರೆದುಕೊಂಡು ನಿಂತಿರುತ್ತವಲ್ಲ, ಅವುಗಳ ಎದುರು ಹೇಳಿ ಹೇಳಿ ರೂಢಿ ಮಾಡಿಕೊಂಡೆ. ಒಬ್ಬರೂ ನಗಲಿಲ್ಲ. ಹಲ್ಲು ಮಾತ್ರ ಬಿಟ್ಟುಕೊಂಡಿದ್ದರು.

ಪರೀಕ್ಷೆಯ ದಿನ ಸೊಂಟನೋವು, ವೈದ್ಯರ ಹತ್ತಿರ ಹೋಗುತ್ತೇನೆ ಎಂದು ನಿನಗೆ ಸುಳ್ಳು ಹೇಳಿ ಹೋದೆ. ಉದ್ದದ ಕೋಣೆ, ದೂರ ದೂರ ಹಾಕಿದ ಮೇಜುಗಳು, ಗೋಡೆಯಲ್ಲಿ ನಿಂತುಹೋದ ಗಡಿಯಾರ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಅಕ್ಷರಗಳು ಇರುವೆಗಳ ಹಾಗೆ ಹರಿದಾಡಿದವು. ಬೆವರಿಗೆ ಪೆನ್ನು ಜಾರಿತು. ಎದ್ದು ಹೊರಗೆ ಬಂದುಬಿಟ್ಟೆ ಗುಬ್ಬಿ. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿಕೊಂಡು ಅತ್ತೆ. ತಾತನ ಮುಖ ನೋಡಲಾರದೆ ಎಷ್ಟೋ ದಿನ ಆ ಬೀದಿಗೇ ಕಾಲಿಡಲಿಲ್ಲ. ಕೊನೆಗೆ ಅವರೇ ಲ್ಯಾಬಿಗೆ ಬಂದರು. ಹಲ್ಲಿನ ಸೆಟ್ಟು ಸಡಿಲವಾಗಿದೆ ಎಂದು ನೆಪ. ಅವರ ಬಾಯಲ್ಲಿರುವುದೆಲ್ಲ ಸ್ವಂತ ಹಲ್ಲು! ಮುಂದಿನ ಪರೀಕ್ಷೆಯ ತಾರೀಕನ್ನು ಕೂಗಿ ಹೇಳಿ ಹೊರಟುಹೋದರು.

ಎರಡನೇ ಸಲ ಬರೆದೆ. ತೊಂದರೆಯಲ್ಲಿದ್ದವರ ಕರೆ ಕೇಳಿಸಿದರೆ ಏನು ಮಾಡುವಿರಿ ಎಂಬ ಪ್ರಶ್ನೆಯಿತ್ತು. ನನ್ನ ಮಾತು ನಿಲ್ಲಿಸುತ್ತೇನೆ, ಉತ್ತರ ಕೊಡುತ್ತೇನೆ, ಎಲ್ಲಿದ್ದಾರೆ, ಏನಾಗಿದೆ, ಎಷ್ಟು ಜನ ಎಂದು ಬರೆದುಕೊಂಡು ನೆರವಿಗೆ ಹೇಳುತ್ತೇನೆ, ಅವರನ್ನು ಒಂಟಿಯಾಗಿ ಬಿಡುವುದಿಲ್ಲ ಎಂದು ಬರೆದೆ. ಬರೆಯುವುದು ಸುಲಭ.

ಪಾಸಾಯಿತು. ಲೈಸೆನ್ಸು ಕೈಗೆ ಬರುವವರೆಗೆ ತಾತ ಪಕ್ಕದಲ್ಲಿದ್ದಾಗ ಮಾತ್ರ, ಕ್ಲಬ್ಬಿನ ಹೆಸರಿನಲ್ಲಿ ಮಾತಾಡಬಹುದಿತ್ತು. ನಾನು ಒಂದು ಸಲವೂ ಮಾತಾಡಿರಲಿಲ್ಲ. ಗುಂಡಿಯ ಮೇಲೆ ಬೆರಳಿಟ್ಟರೆ ನಾಲಿಗೆ ಅಂಟಿಕೊಳ್ಳುತ್ತಿತ್ತು.

ಆ ಮಧ್ಯಾಹ್ನ ತಾತ ಮೂಲೆಯಲ್ಲಿ ಬೆಸುಗೆ ಹಾಕುತ್ತಿದ್ದರು. ನಾನು ಹೆಡ್‌ಫೋನ್ ಹಾಕಿಕೊಂಡು ಸುಮ್ಮನೆ ಕೂತಿದ್ದೆ. ಸುಯ್ ಎನ್ನುವ ಸದ್ದಿನ ಅಡಿಯಲ್ಲಿ ಏನೋ ಮಿಸುಕಿದ ಹಾಗಾಯಿತು. ಮತ್ತೆ ಬಂತು. ಟ್ಯಾಂಗೋ, ಲಿಮಾ, ಕಿಲೋ. ರೇಡಿಯೋದಲ್ಲಿ ಹೆಸರಿನ ಬದಲು ಹೇಳುವ ನಿನ್ನ ಕರೆಸಂಕೇತದ ಕೊನೆಯ ಅಕ್ಷರಗಳು. ಆಮೇಲೆ, "ಯಾರಾದ್ರೂ ಇದೀರಾ... ಜೀಪು ಬಿದ್ದಿದೆ..."

ನಿನಗೆ ಆ ಕಡೆಯದು ಗೊತ್ತು. ಈ ಕಡೆಯದು ಹೇಳುತ್ತೇನೆ. ನನ್ನ ಮಗಳು, ನನ್ನ ಮಗಳು ಎಂದು ತಾತನ ಅಂಗಿ ಹಿಡಿದು ಜಗ್ಗಿದೆ. ಅವರು, "ಏಳಿ, ನಾನು ಕೂರ್ತೀನಿ" ಎಂದು ಹೆಡ್‌ಫೋನ್ ಕಿತ್ತುಕೊಂಡರು. ಕಣ್ಣು ಮುಚ್ಚಿ ಕೇಳಿದರು. ಕೇಳಿದರು. ಅವರ ಮುಖ ಬಿಳುಚಿಕೊಂಡಿತು. ಅವರ ಕಿವಿಗೆ ಸುಯ್ ಎನ್ನುವುದು ಬಿಟ್ಟರೆ ಏನೂ ಸಿಗಲಿಲ್ಲ. ಹೆಡ್‌ಫೋನನ್ನು ತಿರುಗಿ ನನ್ನ ತಲೆಗೇ ಹಾಕಿ, ತಮ್ಮ ಕಿವಿಗೆಂದೇ ಸದ್ದು ಜೋರು ಮಾಡಿಸಿಕೊಂಡಿದ್ದ ಟೆಲಿಫೋನನ್ನು ತಮ್ಮ ಕಡೆಗೆಳೆದುಕೊಂಡು ಹೇಳಿದರು: "ನೀವೇ ಮಾತಾಡಿ, ರಕ್ಷಣೆಯವರಿಗೆ ನಾನು ಹೇಳ್ತೀನಿ. ಆದ್ರೆ ಅಮ್ಮ ಆಗಿ ಮಾತಾಡಬೇಡಿ. ಆ ಹುಡುಗಿ ಅಳೋಕೆ ಶುರು ಮಾಡಿದ್ರೆ ಬ್ಯಾಟರಿ ಅದಕ್ಕೇ ಖರ್ಚಾಗುತ್ತೆ."

ಗುಂಡಿ ಒತ್ತಿದೆ. ಬೇರೆ ಯಾರದೋ ದನಿ ಹೊರಬಂತು; ಆ ಸುಯ್ ಸದ್ದಿನಲ್ಲಿ ನಿನಗೆ ಗುರುತು ಸಿಗಲಿಲ್ಲ. ಕ್ಲಬ್ಬಿನ ಸಂಕೇತ ಹೇಳಿದೆ. ನಿಮ್ಮ ಸಂದೇಶ ಕೇಳಿಸುತ್ತಿದೆ, ಸ್ಥಳ ತಿಳಿಸಿ ಎಂದೆ. ಹೆತ್ತ ಮಗಳಿಗೆ ನೀವು ಎಂದೆ. ಹೌದು ಗುಬ್ಬಿ, ಆ ಹೆಂಗಸು ನಾನೇ.

ನೀನು ಮಳೆಮಾಪಕದ ಸಂಖ್ಯೆ ಹೇಳಿದೆ, ಅದರ ಕೆಳಗಿನ ತಿರುವು ಎಂದೆ. ಡ್ರೈವರಣ್ಣ ಸ್ಟಿಯರಿಂಗಿನಡಿ ಸಿಕ್ಕಿಕೊಂಡಿದ್ದಾನೆ, ಮಾತಾಡುತ್ತಿಲ್ಲ, ಉಸಿರಿದೆ ಎಂದೆ. ನಿಮಗೇನಾಗಿದೆ ಎಂದು ನಾನು ಕೇಳಬೇಕಿತ್ತು. ಉತ್ತರ ಕೇಳುವ ಧೈರ್ಯವಿಲ್ಲದೆ ಒಂದು ಗಳಿಗೆ ಗುಂಡಿಯಿಂದ ಬೆರಳು ತೆಗೆದೆ. ಆಮೇಲೆ ಕೇಳಿದೆ. ಕಾಲಿನ ಮೂಳೆ ಕಾಣಿಸುತ್ತಿದೆ ಎಂದೆ ನೀನು. ನಾನು ಬರೆದುಕೊಂಡೆ. ಕಾಲು ಎಂಬ ಎರಡಕ್ಷರ ಬರೆಯುವುದರಲ್ಲಿ ಪೆನ್ಸಿಲ್ಲಿನ ಮೊನೆ ಮುರಿಯಿತು. ಗಾಯದ ಮೇಲುಗಡೆ ದುಪಟ್ಟಾ ಬಿಗಿಯಾಗಿ ಕಟ್ಟಿ, ರೇಡಿಯೋ ಆರಿಸಿಡಿ, ನಾನು ಹೇಳಿದ ಹೊತ್ತಿಗೆ ಮಾತ್ರ ಹಾಕಿ, ನಾನು ಇಲ್ಲೇ ಇರುತ್ತೇನೆ ಎಂದೆ.

ಆಗ ನೀನು ಕೇಳಿದ್ದು ನೆನಪಿದೆಯಾ? "ಮೇಡಂ, ದಯವಿಟ್ಟು ನಮ್ಮಮ್ಮಂಗೆ ಹೇಳಬೇಡಿ. ಅವಳು ಪುಕ್ಕಲು, ತಡ್ಕೊಳಲ್ಲ."

ಸರಿ, ಹೇಳುವುದಿಲ್ಲ ಎಂದೆ.

ನೀನು ರೇಡಿಯೋ ಆರಿಸಿದೆ. ಆ ನಡುವಿನ ಹೊತ್ತನ್ನು ನಾನು ಹೇಗೆ ಕಳೆದೆನೆಂದು ಬರೆಯಲಾರೆ. ಸುಯ್ ಎನ್ನುವ ಸದ್ದೊಂದೇ. ಹೇಳಿದ ಹೊತ್ತಿಗೆ ನಿನ್ನ ದನಿ ಬಂತು, ಮೊದಲಿಗಿಂತ ಸಣ್ಣದಾಗಿ. ಅದರ ಮುಂದಿನ ಸಲ ಬರಲೇ ಇಲ್ಲ. ಕರೆದೆ. ಮತ್ತೆ ಕರೆದೆ. ತಾತ ಫೋನಿನಿಂದ ತಿರುಗಿ ನೋಡಿದರು. ಎಲ್ಲೋ ನೀನು ಕೇಳಿಸಿಕೊಳ್ಳುತ್ತಿರಬಹುದು, ಉತ್ತರಿಸಲು ಬ್ಯಾಟರಿ ಇಲ್ಲದಿರಬಹುದು ಎಂದುಕೊಂಡು ಮಾತಾಡುತ್ತಲೇ ಹೋದೆ. ಗಾಡಿ ಹೊರಟಿದೆ, ಸೇತುವೆ ದಾಟಿದೆ, ತಿರುವಿನ ಹತ್ತಿರ ಬಂದಿದೆ ಎಂದು ತಾತ ಹೇಳಿದ್ದನ್ನೆಲ್ಲ ನಿನಗೆ ಹೇಳಿದೆ. ಯಾರೂ ಇಲ್ಲದ ಕಡೆಗೆ ಮಾತಾಡುತ್ತಿದ್ದೇನೆಯೇ ಎಂಬ ಹೆದರಿಕೆ ಇದೆಯಲ್ಲ, ಅದರ ಮುಂದೆ ನನ್ನ ಹಿಂದಿನ ಹೆದರಿಕೆಗಳೆಲ್ಲ ಮಕ್ಕಳಾಟ. ಸಂಜೆಯ ಹೊತ್ತಿಗೆ ತಾತ ಫೋನಿಟ್ಟು, ಕೂಗದೆ, ಮೆಲ್ಲಗೆ ಹೇಳಿದರು: "ಸಿಕ್ಕಿದ್ರು. ಇಬ್ಬರೂ."

ಆಸ್ಪತ್ರೆಯಲ್ಲಿ ನಿನ್ನ ಹಾಸಿಗೆಯ ಪಕ್ಕ ಅಷ್ಟು ದಿನ ಕೂತಿದ್ದೆ, ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ನಿನ್ನ ಗಟ್ಟಿಗಿತ್ತಿಯನ್ನು ನಿನ್ನಿಂದ ಕಿತ್ತುಕೊಂಡ ಹಾಗಾಗುತ್ತದೆ ಎನ್ನಿಸಿತು. ನಿನ್ನೆ ಲೈಸೆನ್ಸು ಬಂತು. ನನಗೂ ಒಂದು ಕರೆಸಂಕೇತ ಇದೆ ಈಗ. ಕ್ಲಬ್ಬಿನ ಹೆಸರಿನ ಹಿಂದೆ ಅಡಗಿರಲು ಇನ್ನು ನೆಪವಿಲ್ಲ. ಡ್ರೈವರಣ್ಣನೂ ಮೊನ್ನೆ ಊರುಗೋಲು ಹಿಡಿದು ಅಂಗಳದವರೆಗೆ ಬಂದನಂತೆ, ಅವನ ಹೆಂಡತಿ ಹೇಳಿದಳು.

ಕೈ ಮುಗಿಯಲು ಬರಬೇಡ. ಸುಮ್ಮನೆ ಬಾ.

ನಿನ್ನ,
ಪುಕ್ಕಲು ಅಮ್ಮ

ಮರೆತಿದ್ದೆ: ಗುರುವಾರ ಸಂಜೆ ನೀನು ನಿನ್ನ ಗೆಳತಿಯ ಜೊತೆ ರೇಡಿಯೋದಲ್ಲಿ ಮಾತಾಡುತ್ತಿದ್ದಾಗ ನಾನೂ ಕ್ಲಬ್ಬಿನಲ್ಲಿ ಅದೇ ತರಂಗ ಕೇಳುತ್ತಾ ಕೂತಿದ್ದೆ. ಕಾಲು ಕೂಡಿದ ಮೇಲೆ ಮತ್ತೆ ಬೆಟ್ಟದ ಕೆಲಸಕ್ಕೇ ಹೋಗುತ್ತೀಯೆಂದು, ಅಮ್ಮನಿಗೆ ಈಗಲೇ ಹೇಳಬೇಡವೆಂದು ನೀನು ಅವಳಿಗೆ ಹೇಳಿದ್ದು ಪೂರ್ತಿ ಕೇಳಿಸಿತು. ಹೋಗಬೇಡ ಎನ್ನುವುದಿಲ್ಲ. ಈ ಮಾತು ಬರೆಯಲು ಬೆಳಿಗ್ಗೆಯಿಂದ ಕೂತಿದ್ದೇನೆ, ಮೇಲಿನದೆಲ್ಲ ಬರೆದದ್ದು ಇದನ್ನು ಮುಂದೂಡಲಿಕ್ಕೆ. ಹೋಗು. ಹೋಗುವಾಗ ಇನ್ನೊಂದು ಬ್ಯಾಟರಿ ಇಟ್ಟುಕೋ.